ಮರಳುಗಾಡಿನ ಹೋಟೆಲಿನಲ್ಲಿ ಆಡಿದ ಸುಳ್ಳು

ಹೈಡೆಲ್‌ಬರ್ಗ್, ಜರ್ಮನಿ
೧೯-೧೦-೨೦೦೩, ಭಾನುವಾರ

ಕೀರ್ತಿಯ ತಾಯಿ ಮುನಿಲಕ್ಷ್ಮಮ್ಮನಿಗೆ ರಾಜಣ್ಣ ಮಾಡುವ ಆಶೀರ್ವಾದಗಳು.

ನಾನು ಗಟ್ಟಿಮುಟ್ಟಾಗಿದ್ದೇನೆ, ಸಕ್ಕರೆ ಮಾತ್ರೆ ಒಂದು ದಿನವೂ ತಪ್ಪಿಸಿಲ್ಲ, ಕೀರ್ತಿ ಚೆನ್ನಾಗಿದ್ದಾಳೆ. ಇಷ್ಟನ್ನು ಮೊದಲು ಬರೆಯದಿದ್ದರೆ ನೀನು ಮಿಕ್ಕಿದ್ದನ್ನು ಓದುವುದಿಲ್ಲ.

ಗೌರಿ ಹಬ್ಬ ಮುಗಿಸಿಕೊಂಡು ವಿಮಾನ ಹತ್ತಿದ ಗಂಡ ಇಷ್ಟು ದಿನವಾದರೂ ಒಂದು ಕಾಗದ ಹಾಕಲಿಲ್ಲವೆಂದು ನೀನು ಬೈದುಕೊಂಡಿರುತ್ತೀಯ. ಬೈದದ್ದು ಸರಿ. ಬರೆಯಲು ಕೂತರೆ ಒಂದು ವಿಷಯ ಬರೆಯಲೇಬೇಕಾಗಿತ್ತು, ಅದಕ್ಕೆ ಕೂರಲಿಲ್ಲ. ಇವತ್ತು ಕೂತಿದ್ದೇನೆ. ಇಲ್ಲಿ ಭಾನುವಾರ ಬಟ್ಟೆ ಒಗೆಯುವ ಮಿಷನ್ನೂ ಹಾಕುವ ಹಾಗಿಲ್ಲ, ಮೇಲಿನ ಮನೆಯ ಮುದುಕಿ ಸದ್ದಾಯಿತೆಂದು ಬಂದುಬಿಡುತ್ತಾಳೆ. ಬರೆಯುವುದಕ್ಕೆ ಒಳ್ಳೆಯ ದಿನ. ಈ ಕಾಗದ ನಿನ್ನ ಕೈಸೇರುವಷ್ಟರಲ್ಲಿ ದೀಪಾವಳಿ ಮುಗಿದಿರುತ್ತದೆ. ಬಾಗಿಲು ಹಾಕಿಕೊಂಡು ಓದು. ಕೌಂಟರಿನಲ್ಲಿ ಸಿದ್ದಯ್ಯನನ್ನು ಕೂರಿಸು, ಲಾಡ್ಜು ಒಂದು ಗಂಟೆ ನೀನಿಲ್ಲದೆ ನಡೆಯುತ್ತದೆ. ನನ್ನದು ನಾಲ್ಕನೇ ಕ್ಲಾಸಿನ ಕನ್ನಡ, ಉಳಿದದ್ದು ಗಿರಾಕಿಗಳು ಬಿಟ್ಟುಹೋದ ಪೇಪರು ಓದಿ ಕಲಿತದ್ದು. ತಪ್ಪಿದ್ದರೆ ತಿದ್ದಿಕೊ.

ನೀನು ನನಗೆ ಒಂದೇ ಕೆಲಸ ಹೇಳಿ ಕಳಿಸಿದ್ದೆ. "ಅವಳ ಬಾಯಲ್ಲಿ ಈ ಸಲ ಗಟ್ಟಿಯಾಗಿ ಹೂಂ ಅನ್ನಿಸ್ಕೊಂಡೇ ಬನ್ನಿ. ಕೃಷ್ಣಪ್ಪನವರ ಮಗ ಎಷ್ಟು ದಿನ ಕಾಯ್ತಾನೆ?" ಅಂದಿದ್ದೆ. ಹಬ್ಬ ಕಳೆದ ಮೇಲೆ ಉತ್ತರ ಹೇಳುತ್ತೇವೆಂದು ಅವರಿಗೆ ಮಾತನ್ನೂ ಕೊಟ್ಟಿದ್ದೀಯ. ಕೃಷ್ಣಪ್ಪನವರು ದೊಡ್ಡ ಮನಸ್ಸಿನವರು, ಅವರಿಗೆ ಮರ್ಯಾದೆಯಿಂದ ಆಗುವುದಿಲ್ಲ ಅಂತ ಹೇಳಿಬಿಡು. ಕಾರಣ ಕೆಳಗಿದೆ.

ಕೀರ್ತಿಯ ಮನೆಯಲ್ಲಿ ಲೀನಾ ಎಂಬ ಕನ್ನಡದ ಹುಡುಗಿ ಜೊತೆಗಿದ್ದಾಳೆ, ಇಬ್ಬರೂ ಸೇರಿ ಅಡುಗೆ ಮಾಡಿಕೊಳ್ಳುತ್ತಾರೆ ಎಂದು ನಾವು ನಂಬಿದ್ದೆವಲ್ಲ? ಲೀನಾ ಇರುವುದು ನಿಜ. ಒಳ್ಳೆಯ ಹುಡುಗಿ, ಕೀರ್ತಿಯ ಆಫೀಸಿನವಳೇ. ಆದರೆ ಅವಳ ಮನೆ ಬೇರೆ ಬೀದಿಯಲ್ಲಿದೆ.

ನಾನು ಬಂದ ದಿನ ವಿಮಾನ ನಿಲ್ದಾಣಕ್ಕೆ ಕೀರ್ತಿಯ ಜೊತೆ ಒಬ್ಬ ಹುಡುಗ ಕಾರು ತಂದಿದ್ದ. ಯತಿರಾಜ್ ಅಂತ, ಮೈಸೂರಿನವನು, ಮೂವತ್ತೈದರ ಹತ್ತಿರದ ವಯಸ್ಸು, ಮುಂದೆ ಸ್ವಲ್ಪ ಕೂದಲು ಹೋಗಿದೆ. ಅವನೂ ಇವಳ ಹಾಗೆ ಗ್ರೀನ್ ಕಾರ್ಡಿನ ಮೇಲೆ ಬಂದವನು, ಪಕ್ಕದೂರು ವಾಲ್‌ಡಾರ್ಫಿನಲ್ಲಿ ಕೆಲಸ. "ಅಪ್ಪಾ, ಇವ್ರು ನಮ್ ಕಲೀಗು, ಡ್ರೈವ್ ಮಾಡ್ತೀನಿ ಅಂದ್ರು" ಅಂದಳು. ಅವನು ನನ್ನ ಪೆಟ್ಟಿಗೆ ಎತ್ತಿಕೊಂಡು ಮೂರು ಮಹಡಿ ಹತ್ತಿ, ಒಂದು ಲೋಟ ನೀರು ಕುಡಿದು, "ಬರ್ತೀನಿ ಅಂಕಲ್" ಅಂತ ಹೊರಟುಹೋದ. ಮನೆ ಹೇಗಿತ್ತು ಗೊತ್ತೇ? ತೊಳೆದಿಟ್ಟ ಹಾಗೆ. ಬಾಗಿಲ ಬಳಿ ಹೆಣ್ಣುಮಕ್ಕಳ ಚಪ್ಪಲಿ ಮಾತ್ರ. ಬಚ್ಚಲಲ್ಲಿ ಒಂದೇ ಹಲ್ಲುಜ್ಜುವ ಬ್ರಶ್ಶು. ಲೀನಾ ಈಗ ಬೇರೆ ಮನೆಯಲ್ಲಿದ್ದಾಳೆ ಅಂದಳು.

ಆದರೆ ಈ ದೇಶದಲ್ಲಿ ಕಟ್ಟಡದ ಬಾಗಿಲಲ್ಲೇ ಪ್ರತಿ ಮನೆಯ ಗಂಟೆಯ ಪಕ್ಕ ಅಲ್ಲಿರುವವರ ಹೆಸರು ಅಂಟಿಸಿರುತ್ತಾರೆ. ಇಲ್ಲದಿದ್ದರೆ ಪೋಸ್ಟಿನವನು ಕಾಗದ ಕೊಡುವುದಿಲ್ಲ. ನಾನು ಹೆಸರು ಓದುವವನು, ಅದು ನನ್ನ ವೃತ್ತಿ. ಕೀರ್ತಿ ಬೀಗದಕೈ ಹುಡುಕುತ್ತಿದ್ದಾಗ ಅಕ್ಷರ ಕೂಡಿಸಿಕೊಂಡು ಓದಿದೆ. ಅವಳ ಹೆಸರು, ಅದರ ಕೆಳಗೆ ಅವನ ಹೆಸರು. ಬಿಸಿಲಿಗೆ ಎರಡೂ ಒಂದೇ ಸಮ ಮಾಸಿದ್ದವು, ಅಂದರೆ ಒಟ್ಟಿಗೇ ಅಂಟಿಸಿದ್ದು. ಇಡೀ ಮನೆ ಗುಡಿಸಿ ಸಾರಿಸಿ ಅವನ ಗುರುತು ತೆಗೆದಿದ್ದಾರೆ, ಇದೊಂದನ್ನು ಮರೆತಿದ್ದಾರೆ.

ನಾನು ಏನೂ ಕೇಳಲಿಲ್ಲ. ಯಾಕೆ ಅಂತ ನೀನು ಕೇಳುತ್ತೀಯ. ಕೇಳಿದರೆ ಅವಳು ಹೇಳುತ್ತಾಳೆ, ಹೇಳಿದರೆ ನಾನೇನಾದರೂ ಅನ್ನಬೇಕಾಗುತ್ತದೆ. ಏನನ್ನಬೇಕೋ ನನಗೆ ಗೊತ್ತಿರಲಿಲ್ಲ. ಬೆಳಿಗ್ಗೆ ಅವಳು ಆಫೀಸಿಗೆ ಹೋದ ಮೇಲೆ ನದಿಯ ದಂಡೆಯಲ್ಲಿ ನಡೆಯುತ್ತಿದ್ದೆ, ಬಂದು ಮುದ್ದೆ ತಿರುವಿ ಇಡುತ್ತಿದ್ದೆ, ನೀನು ಕಟ್ಟಿಕೊಟ್ಟ ಹುರುಳಿಕಾಳಿನ ಸಾರು ಮಾಡುತ್ತಿದ್ದೆ. ಯತಿರಾಜ ವಾರಕ್ಕೆರಡು ಸಲ ಅತಿಥಿಯ ಹಾಗೆ ಬಂದು, ಅತಿಥಿಯ ಹಾಗೆ ಸೋಫಾದ ತುದಿಯಲ್ಲಿ ಕೂರುತ್ತಿದ್ದ. ಆದರೆ ಕತ್ತಲಲ್ಲಿ ಅಡುಗೆಮನೆಗೆ ಹೋದರೂ ದೀಪದ ಸ್ವಿಚ್ಚು ತಡಕಾಡುತ್ತಿರಲಿಲ್ಲ. ಪಾಪ ಅನ್ನಿಸುತ್ತಿತ್ತು, ಸಿಟ್ಟೂ ಬರುತ್ತಿತ್ತು.

ಇಲ್ಲಿ ಚಳಿ ಹತ್ತಿ ನನಗೆ ಕೆಮ್ಮು ಶುರುವಾಯಿತು. ಆಗ ಯತಿರಾಜನೇ, "ಅಂಕಲ್‌ಗೆ ಬಿಸಿಲು ಬೇಕು. ಟ್ಯುನೀಶಿಯಾಗೆ ಹೋಗೋಣ, ಈ ಸೀಸನ್‌ನಲ್ಲಿ ಜರ್ಮನ್ನರೆಲ್ಲ ಅಲ್ಲೇ ಓಡ್ತಾರೆ" ಅಂದ. ನನ್ನ ವೀಸಾದ ಕಾಗದ ಕಳಿಸುವಾಗಲೇ ಜರ್ಮನಿಯಿಂದ ಹೊರಗೆ ಹೋಗಿ ಮತ್ತೆ ಬರುವುದಕ್ಕಾಗುವ ಹಾಗೆ ಅರ್ಜಿ ತುಂಬಿಸಿದ್ದನಂತೆ. ಎಲ್ಲೋ ಕೂತು ನನ್ನ ಬಗ್ಗೆ ಅಷ್ಟು ಯೋಚಿಸಿದ್ದಾನಲ್ಲ ಅಂತ ಒಳಗೇ ಅಂದುಕೊಂಡೆ. ವಿಮಾನದಲ್ಲಿ ಹೋಗಿ, ಬಾಡಿಗೆ ಕಾರು ಹಿಡಿದು, ದಿನವಿಡೀ ದಕ್ಷಿಣಕ್ಕೆ ಹೋದೆವು. ದಾರಿಯಲ್ಲಿ ಮರವಿಲ್ಲ, ಕಲ್ಲಿಲ್ಲ. ನಮ್ಮ ಚಿಂತಾಮಣಿಯ ಕಡೆ ಬಯಲು ಅಂದರೂ ಒಂದು ಕಲ್ಲುಗುಂಡಾದರೂ ಕಣ್ಣಿಗೆ ಸಿಗುತ್ತದೆ. ಅಲ್ಲಿ ಕಣ್ಣು ಇಡುವುದಕ್ಕೆ ಜಾಗವೇ ಇಲ್ಲ. ಕೊನೆಗೆ ದೂರದಲ್ಲಿ ಒಂದು ಹಸಿರು ಗೆರೆ ಕಂಡಿತು. ಹತ್ತಿರ ಹೋದರೆ ಖರ್ಜೂರದ ಮರಗಳು, ಸಾವಿರಾರು, ಕೆಳಗೆ ಕಾಲುವೆಯಲ್ಲಿ ನೀರು. ಎಲ್ಲಾ ಗೊಂಚಲಿಗೂ ಪ್ಲಾಸ್ಟಿಕ್ ಚೀಲ ಕಟ್ಟಿದ್ದರು. ಆ ಹಸಿರಿನ ಅಂಚಿನಲ್ಲೇ ಊರು ಮುಗಿದು ಮರಳು ಶುರು.

ನಾವಿಳಿದ ಹೋಟೆಲು ಆ ಊರಿನ ಹಳೆಯ ಬೀದಿಯಲ್ಲಿತ್ತು. ನಮ್ಮ ಲಾಡ್ಜಿಗಿಂತ ಒಂದೆರಡು ರೂಮು ಹೆಚ್ಚಿರಬಹುದು. ಸುಣ್ಣ ಹೊಡೆದ ಗೋಡೆ, ನಡುವೆ ಅಂಗಳ, ಅಂಗಳದಲ್ಲೊಂದು ದಾಳಿಂಬೆ ಗಿಡ. ನಲವತ್ತು ವರ್ಷದಲ್ಲಿ ನಾನು ಬೇರೆಯವರ ಹೋಟೆಲಿನಲ್ಲಿ ಗಿರಾಕಿಯಾಗಿ ಮಲಗಿದ್ದು ತಿರುಪತಿ ಬಿಟ್ಟರೆ ಇದೇ ಮೊದಲು. ಕಣ್ಣು ಸುಮ್ಮನಿರುತ್ತದೆಯೇ? ದುಪ್ಪಟಿಗೆ ತೇಪೆ ಹಾಕಿದೆ, ಆದರೆ ಇಸ್ತ್ರಿಯಾಗಿದೆ. ನಲ್ಲಿಗೆ ಬಟ್ಟೆ ಸುತ್ತಿದೆ, ಆದರೆ ತೊಟ್ಟಿಕ್ಕುತ್ತಿಲ್ಲ. ಮಾಲೀಕ ಸಾಲಹ್, ನನ್ನ ವಾರಿಗೆಯವನು, ಬಿಳಿ ಟೋಪಿ, ಹೆಗಲ ಮೇಲೆ ಕಂದು ಶಾಲು. ಅಲ್ಲಿ ಜರ್ಮನ್ನರು ಬಂದು ಬಂದು ಅವನಿಗೂ ಜರ್ಮನ್ ಬಂದಿತ್ತು. ನನ್ನ ಜೊತೆ ಇಂಗ್ಲಿಷಿನಲ್ಲಿ ಮಾತಾಡಿದ. ನಮ್ಮಿಬ್ಬರ ಇಂಗ್ಲಿಷೂ ಒಂದೇ ತೂಕದ್ದು, ಆದ್ದರಿಂದ ಚೆನ್ನಾಗಿ ಅರ್ಥವಾಗುತ್ತಿತ್ತು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ.

ಕೀರ್ತಿ ಎರಡು ರೂಮು ಗೊತ್ತು ಮಾಡಿದ್ದಳು. ಒಂದು ಅವಳಿಗೆ, ಇನ್ನೊಂದು ನನಗೂ ಯತಿರಾಜನಿಗೂ. ಸಾಲಹ್ ನಮ್ಮ ಮೂವರನ್ನೂ ಒಮ್ಮೆ ನೋಡಿ, ದೊಡ್ಡ ರೂಮಿನ ಬೀಗದಕೈಯನ್ನು ಯತಿರಾಜನ ಮುಂದಿಟ್ಟ, ಚಿಕ್ಕದರದ್ದನ್ನು ನನ್ನ ಮುಂದಿಟ್ಟ. ಗಂಡ ಹೆಂಡತಿ, ಜೊತೆಗೊಬ್ಬ ಮಾವ ಅಂತ ಲೆಕ್ಕ. ಕೀರ್ತಿಯ ಮುಖ ಬಿಳುಪೇರಿತು. "ನೈನ್, ನೈನ್", ಅಂದರೆ ಅಲ್ಲ ಅಲ್ಲ, ಅಂತ ಜರ್ಮನಿನಲ್ಲಿ ಏನೋ ಹೇಳತೊಡಗಿದಳು. ಯತಿರಾಜ ಬೀಗದಕೈ ಮುಟ್ಟಲಿಲ್ಲ, ಬಿಸಿ ಪಾತ್ರೆಯೇನೋ ಅನ್ನುವ ಹಾಗೆ ಕೈ ಹಿಂದಕ್ಕೆ ಎಳೆದುಕೊಂಡ. ಸಾಲಹ್‌ನ ನಗು ಮಾಸಿತು. ಪಾಸ್‌ಪೋರ್ಟುಗಳನ್ನು ಮತ್ತೆ ತೆಗೆದು ನೋಡಿದ. ಆಮೇಲೆ ಅವರಿಬ್ಬರನ್ನೂ ಬಿಟ್ಟು ನನ್ನ ಕಡೆ ತಿರುಗಿ, ಅಲ್ಲಿ ಹಿರಿಯರನ್ನು ಕರೆಯುವ ಹಾಗೆ, "ಹಾಜಿ, ಈ ಮನುಷ್ಯ ನಿನಗೆ ಏನಾಗಬೇಕು?" ಅಂತ ಕೇಳಿದ.

ಲಕ್ಷ್ಮೀ, ಈ ಪ್ರಶ್ನೆಯನ್ನು ನಾನು ನನ್ನ ಕೌಂಟರಿನಲ್ಲಿ ನಿಂತು ಎಷ್ಟು ಜನಕ್ಕೆ ಕೇಳಿದ್ದೇನೆ! "ಏನಾಗಬೇಕಪ್ಪ ಇವ್ರು ನಿಂಗೆ?" ತಾಳಿ ಕಾಣದಿದ್ದರೆ, ಉತ್ತರ ತಡವಾದರೆ, ರೂಮು ಖಾಲಿ ಇಲ್ಲ. ಊರಿನಲ್ಲಿ ನಮ್ಮದು ಸಂಸಾರಸ್ಥರ ಲಾಡ್ಜು ಅಂತ ಹೆಸರು ಬಂದದ್ದು ಅದರಿಂದಲೇ, ನೀನೂ ಅದನ್ನು ಹೆಮ್ಮೆಯಿಂದ ಹೇಳುತ್ತೀಯ. ಉತ್ತರ ತಡವಾದರೆ ಎದುರಿಗಿರುವವನು ಏನಂದುಕೊಳ್ಳುತ್ತಾನೆಂದು ನನ್ನಷ್ಟು ಬಲ್ಲವರು ಯಾರು? ನನ್ನ ಮಗಳು ಒಬ್ಬ ಗೊತ್ತಿಲ್ಲದವನ ಮುಂದೆ ತಲೆ ತಗ್ಗಿಸಿ ನಿಂತಿದ್ದಳು.

"ಸನ್ ಇನ್ ಲಾ," ಅಂದೆ. "ಮೈ ಸನ್ ಇನ್ ಲಾ."

ಅಂದು, ಚಿಕ್ಕ ರೂಮಿನ ಬೀಗದಕೈ ಎತ್ತಿಕೊಂಡು ನಡೆದುಬಿಟ್ಟೆ. ಹಿಂದೆ ತಿರುಗಿ ನೋಡಲಿಲ್ಲ. ರೂಮಿನೊಳಗೆ ಹೋಗಿ ಮಂಚದ ಮೇಲೆ ಕೂತೆ.

ಸ್ವಲ್ಪ ಹೊತ್ತಿಗೆ ಇಬ್ಬರೂ ಬಂದು ಬಾಗಿಲಲ್ಲಿ ನಿಂತರು. ಕೀರ್ತಿ ಅಳುತ್ತಾಳೆ ಅಂದುಕೊಂಡಿದ್ದೆ. ನಿನ್ನ ಮಗಳಲ್ಲವೇ, ಜಗಳಕ್ಕೇ ಬಂದಳು.

"ಯಾವಾಗಿಂದ ಗೊತ್ತು ನಿಂಗೆ?"

"ಬಂದ ದಿನದಿಂದ. ಗಂಟೆ ಪಕ್ಕ ಹೆಸರಿತ್ತಲ್ಲಮ್ಮ."

"ಆರು ವಾರ ಸುಮ್ನೆ ಇದ್ದೆಯಾ? ನಾವಿಲ್ಲಿ ದಿನಾ ಸಾಯ್ತಾ ಇದ್ವಿ, ಹೆಂಗಪ್ಪಾ ಹೇಳೋದು ಅಂತ!"

ಯತಿರಾಜ ಹಣೆಗೆ ಕೈ ಹೊಡೆದುಕೊಂಡ. "ಅಯ್ಯೋ ಅಂಕಲ್, ನಾನು ಶೇವಿಂಗ್ ಕ್ರೀಮಿಂದ ಹಿಡ್ದು ಬನಿಯನ್‌ವರೆಗೂ ಪ್ಯಾಕ್ ಮಾಡ್ಕೊಂಡು ನನ್ ಫ್ರೆಂಡ್ ಮಾಧವ್ ಮನೇಲಿ ನೆಲದ ಮೇಲೆ ಮಲಗ್ತಿದೀನಿ. ಮಾಧವ್ ದಿನಾ ಕೇಳ್ತಾನೆ, 'ಗುರೂ, ನಿಮ್ ಮಾವ ಯಾವಾಗ ವಾಪಸ್ ಹೋಗ್ತಾರೆ, ನನ್ ಹೆಂಡ್ತಿ ನನ್ನ ಬೈತಿದಾಳೆ' ಅಂತ."

ನನಗೆ ನಗು ತಡೆಯಲಾಗಲಿಲ್ಲ. ನಾನು ನಕ್ಕ ಮೇಲೆ ಕೀರ್ತಿ ಅತ್ತಳು.

ಆಮೇಲೆ ಅವನು ಕುರ್ಚಿ ಎಳೆದುಕೊಂಡು ಎಲ್ಲವನ್ನೂ ಹೇಳಿದ. ಮುಚ್ಚಿಡದೆ ನಿನಗೂ ಬರೆಯುತ್ತೇನೆ. ಅವನಿಗೆ ಮೊದಲೇ ಒಂದು ಮದುವೆಯಾಗಿತ್ತು. ಒಂದು ವರ್ಷವೂ ಕೂಡಿ ಬಾಳಲಿಲ್ಲ. ಆ ಹುಡುಗಿ ತವರಿಗೆ ಹೋಗಿದ್ದಾಳೆ, ಮೈಸೂರಿನ ಕೋರ್ಟಿನಲ್ಲಿ ವಿಚ್ಛೇದನದ ಕೇಸಿಗೆ ವಾಯಿದೆಯ ಮೇಲೆ ವಾಯಿದೆ ಬೀಳುತ್ತಾ ಇದೆ. ಮುಂದಿನದು ಜನವರಿಗೆ. ಅದು ತೀರುವವರೆಗೂ ಇವರು ಮದುವೆಯಾಗುವ ಹಾಗಿಲ್ಲ. "ನಂದೇನೂ ತಪ್ಪಿಲ್ಲ ಅಂತ ನಾನು ಹೇಳಲ್ಲ ಅಂಕಲ್. ಅವಳು ಕೆಟ್ಟೋಳಲ್ಲ, ನಮಗೆ ಹೊಂದಲಿಲ್ಲ" ಅಂದ. ಬಿಟ್ಟ ಹೆಂಡತಿಯನ್ನು ಬೈಯದ ಗಂಡಸನ್ನು ನಾನು ಲಾಡ್ಜಿನಲ್ಲೂ ಹೆಚ್ಚು ಕಂಡಿಲ್ಲ.

ಇನ್ನೊಂದು ಚಿಂತೆಯೂ ಇದೆ ಅವರಿಗೆ. ಗ್ರೀನ್ ಕಾರ್ಡು ಅಂದರೆ ಹಸಿರು ಕಾರ್ಡೇ ಕೊಟ್ಟಿರುತ್ತಾರೆ ಅಂದುಕೊಂಡಿದ್ದೆವಲ್ಲ, ಅದು ಪಾಸ್‌ಪೋರ್ಟಿನಲ್ಲಿ ಅಂಟಿಸಿದ ಒಂದು ಚೀಟಿ. ಐದು ವರ್ಷಕ್ಕೆ. ನಡುವೆ ಕೆಲಸ ಹೋದರೆ ಹೋದವರು ದೇಶ ಬಿಡಬೇಕು. ಮದುವೆಯಾಗದೆ ಇರುವುದರಿಂದ ಒಬ್ಬರ ಚೀಟಿ ಇನ್ನೊಬ್ಬರನ್ನು ಹಿಡಿದಿಡುವುದಿಲ್ಲ. ಹೋದ ವರ್ಷ ಇವಳ ಕಂಪನಿಯಲ್ಲಿ ಎಷ್ಟೋ ಜನರನ್ನು ತೆಗೆದಾಗ ಇಬ್ಬರೂ ಪೆಟ್ಟಿಗೆ ನೋಡಿಕೊಂಡೇ ಮಲಗುತ್ತಿದ್ದರಂತೆ.

ಊಟವಾದ ಮೇಲೆ ಒಂದು ತಮಾಷೆ ನಡೆಯಿತು. ನಾನು ರೂಮಿನಲ್ಲಿ ಕಾಲು ಚಾಚಿದ್ದೆ. ಬಾಗಿಲು ತಟ್ಟಿದ ಸದ್ದು. ತೆಗೆದರೆ ಯತಿರಾಜ, ತಲೆಯ ಮೇಲೆ ಹಾಸಿಗೆ ಹೊತ್ತು ನಿಂತಿದ್ದಾನೆ.

"ಇದೇನಯ್ಯಾ?"

"ಸುಳ್ಳು ಹೇಳಿದ್ದು ನೀವು ಅಂಕಲ್. ಅದು ನಿಜ ಆಗೋವರೆಗೂ ನಿಮ್ಮ ಎದುರಿಗೆ ನಾನು ಆ ರೂಮಲ್ಲಿರಲ್ಲ. ಸ್ವಲ್ಪ ದಾರಿ ಬಿಡಿ, ಇಲ್ಲೇ ಹಾಕ್ಕೋತೀನಿ."

ಅಂಗಳದಲ್ಲಿ ಟೀ ಲೋಟ ಎತ್ತುತ್ತಿದ್ದ ಸಾಲಹ್ ಇದನ್ನೆಲ್ಲ ನೋಡಿದ. ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದ. ನಮ್ಮ ಹುಡುಗ ನೆಲಕ್ಕೆ ಬಿದ್ದ ಕೂಡಲೇ ಗೊರಕೆ ಹೊಡೆದ. ಮೊದಲೇ ಗೊತ್ತಿದ್ದರೆ ಹೊರಗೇ ಕಳಿಸುತ್ತಿದ್ದೆ.

ಅಲ್ಲಿ ನಾಲ್ಕು ದಿನ ಇದ್ದೆವು. ಖಾರದ ಚಟ್ನಿ ಒಂದು ಮಾಡುತ್ತಾರೆ, ನಮ್ಮ ಬ್ಯಾಡಗಿ ಮೆಣಸಿನಕಾಯಿ ಅರೆದ ಹಾಗೆ. ನಾನು ಅದನ್ನು ರೊಟ್ಟಿಗೆ ಬಳಿದುಕೊಂಡು ತಿಂದದ್ದು ನೋಡಿ ಸಾಲಹ್‌ನ ಹೆಂಡತಿ ಅಡುಗೆಮನೆಯಿಂದ ಹೊರಗೆ ಬಂದು ನಿಂತುಬಿಟ್ಟಳು. ಜರ್ಮನ್ನರು ಅದನ್ನು ನಾಲಿಗೆಗೆ ಮುಟ್ಟಿಸಿ ಕಣ್ಣೀರು ಹಾಕುತ್ತಾರಂತೆ. ನನಗೂ ಲಾಡ್ಜಿದೆ ಎಂದು ತಿಳಿದ ಮೇಲೆ ಸಾಲಹ್ ನನ್ನನ್ನು ಗಿರಾಕಿಯ ಹಾಗೆ ನೋಡಲೇ ಇಲ್ಲ. ಬೆಳಿಗ್ಗೆ ಇಬ್ಬರೂ ಬಾಗಿಲ ಮುಂದೆ ಕೂತು ಟೀ ಕುಡಿಯುತ್ತಾ ಕಷ್ಟಸುಖ ಮಾತಾಡುತ್ತಿದ್ದೆವು. ಟವೆಲು ಕದಿಯುವವರು ಅಲ್ಲೂ ಇದ್ದಾರೆ.

ಹೊರಡುವ ದಿನ ಕಾರಿನ ಬಳಿ ಬಂದು ಖರ್ಜೂರದ ಒಂದು ಇಡೀ ಗೊಂಚಲು, ಕಡ್ಡಿಯ ಸಮೇತ, ಯತಿರಾಜನ ಕೈಗೆ ಕೊಟ್ಟ. ನನ್ನನ್ನು ಪಕ್ಕಕ್ಕೆ ಕರೆದು, "ಹಾಜಿ, ನಾನೂ ಹೋಟೆಲಿನವನು. ನನಗೆ ಗೊತ್ತಾಗಿತ್ತು" ಅಂದ.

ನನ್ನ ಮುಖ ಬಿಸಿಯಾಯಿತು. "ಮತ್ತೆ ರೂಮು ಯಾಕೆ ಕೊಟ್ಟೆ?" ಅಂದೆ.

"ನಾನು ಕೇಳಿದ್ದು ತಂದೆಯನ್ನು. ತಂದೆ ಹೇಳಿದ. ನನಗಿನ್ನೇನು ಬೇಕು?" ಅಂದು ನನ್ನ ಹೆಗಲು ತಟ್ಟಿ ಒಳಗೆ ಹೋದ.

ಕಾರು ಮರಳಿನ ಪಕ್ಕದಲ್ಲಿ ಹೋಗುತ್ತಿದ್ದಾಗ ಇದನ್ನೇ ಯೋಚಿಸುತ್ತಿದ್ದೆ. ನಾನು ಕೌಂಟರಿನಲ್ಲಿ ಕೇಳುತ್ತಿದ್ದದ್ದು ಪೊಲೀಸರಿಗಾಗಿ, ಊರಿನ ಬಾಯಿಗಾಗಿ. ಸಾಲಹ್ ಕೇಳಿದ್ದು, ಈ ಹುಡುಗಿಯ ಹಿಂದೆ ಯಾರಾದರೂ ಇದ್ದಾರೆಯೇ ಎಂದು. ಇದ್ದೇನೆ ಅಂದೆ. ಈಗ ನೀನು ಏನನ್ನುತ್ತೀಯೋ ಎಂಬುದೇ ನನ್ನ ಭಯ.

ನಿನಗೆ ಸಿಟ್ಟು ಬರುತ್ತದೆ. "ಮದುವೆಯಾದವನು, ಕೇಸು ನಡೀತಾ ಇರೋನು, ನಮ್ಮ ಜನವೂ ಅಲ್ಲ, ಊರಲ್ಲಿ ಹೆಂಗೆ ತಲೆ ಎತ್ತೋದು" ಅನ್ನುತ್ತೀಯ. ಎರಡು ದಿನ ಸಿದ್ದಯ್ಯನ ಮೇಲೆ ರೇಗುತ್ತೀಯ, ಅವನಿಗೆ ಅಭ್ಯಾಸವಿದೆ. ಊರಿಗೆ ನಾನು ಉತ್ತರ ಹೇಳುತ್ತೇನೆ. ಕಾಂತಾಮಣಿ ಏನಾದರೂ ಕೇಳಿದರೆ, ನಿನ್ನ ತಂಗಿಯಾದರೂ ಸರಿ, ನಿಮ್ಮ ಭಾವನನ್ನೇ ಕೇಳು ಅಂತ ನನ್ನ ಮೇಲೆ ಹಾಕು. ನೀನು ಮಾಡಬೇಕಾದದ್ದು ಒಂದೇ. ನಾನು ಅವನನ್ನು ಅಳಿಯ ಅಂದದ್ದು ದೂರದ ದೇಶದಲ್ಲಿ, ಗುರುತಿಲ್ಲದ ಒಬ್ಬನ ಮುಂದೆ. ಅದನ್ನು ನಿನ್ನ ಬಾಯಿಂದಲೂ ಒಂದು ಸಲ ಕೇಳಬೇಕೆಂದು ಕೀರ್ತಿಗೆ ಆಸೆ. ಅವಳು ನನಗೆ ಹಾಗಂತ ಹೇಳಿಲ್ಲ. ಆದರೂ ಗೊತ್ತು.

ಯತಿರಾಜ ಈಗ ಮಾಧವನ ಮನೆಯಿಂದ ತನ್ನ ಸಾಮಾನು ವಾಪಸ್ಸು ತಂದಿದ್ದಾನೆ. ನಾನಿರುವವರೆಗೂ ನಡುಮನೆಯಲ್ಲೇ ಮಲಗುತ್ತಾನಂತೆ, ಹಠ. ಸದ್ಯ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಾ, "ಅಂಕಲ್, ಆಂಟಿಗೆ ನನ್ನ ನಮಸ್ಕಾರ ಬರೀತೀರಾ, ಇಲ್ಲ ಬೇಡ್ವಾ?" ಅಂತ ಕೇಳುತ್ತಿದ್ದಾನೆ. ಬರೆದಿದ್ದೇನೆ.

ನಿನ್ನ ಮಂಡಿಗೆ ಎಣ್ಣೆ ಹಚ್ಚಿಸಿಕೊ. ಮೇಲಿನ ಮಹಡಿಗೆ ನೀನು ಹತ್ತಬೇಡ. ದೇವರು ನಿನ್ನನ್ನು ನೂರು ವರ್ಷ ನನ್ನ ಮೇಲೆ ರೇಗುವ ಹಾಗೆ ಇಟ್ಟಿರಲಿ.

ಇಂತಿ ನಿನ್ನ,
ರಾಜಣ್ಣ

ವಿ.ಸೂ.: ಕಾಗದ ಮಡಿಸಿ ಅಂಟು ಹಚ್ಚುವವನಿದ್ದೆ. ಮತ್ತೆ ಬಿಡಿಸಿದೆ. ಇದನ್ನು ಬರೆಯಬಾರದೆಂದು ಕೀರ್ತಿ ಕೈ ಹಿಡಿದು ಕೇಳಿಕೊಂಡಿದ್ದಳು. ಬರೆಯದೆ ಊರಿಗೆ ಬಂದು ನಿನ್ನ ಎದುರು ಕೂತು ಊಟ ಮಾಡಲು ನನ್ನಿಂದಾಗದು.

ಹೋದ ವರ್ಷ ಅವಳು ಬಸುರಿಯಾಗಿದ್ದಳು. ನಾಲ್ಕನೇ ತಿಂಗಳಲ್ಲಿ ಹೋಯಿತು. ಆಸ್ಪತ್ರೆಯಲ್ಲಿ ಮೂರು ದಿನ ಇದ್ದಳಂತೆ, ನೋಡಿಕೊಂಡವನು ಅವನೊಬ್ಬನೇ. ನಡುವೆ ಒಂದು ಭಾನುವಾರ ಬಂತು. ಪ್ರತಿ ಭಾನುವಾರದ ಫೋನು ತಪ್ಪಿದರೆ ಅಮ್ಮ ಗಾಬರಿಯಾಗುತ್ತಾಳೆಂದು ಆಸ್ಪತ್ರೆಯ ಮಂಚದಿಂದಲೇ ಫೋನು ಮಾಡಿದಳಂತೆ. ಅವತ್ತು ನೀನು ಕೃಷ್ಣಪ್ಪನವರ ಮಗನ ವಿಚಾರ ಮೊದಲ ಸಲ ಎತ್ತಿದೆ. ನಾನು ಪಕ್ಕದಲ್ಲೇ ನಿಂತಿದ್ದೆ. "ಹೂಂ ಅಮ್ಮ, ಹೂಂ ಅಮ್ಮ" ಅಂದಳು ಅಂತ ನೀನು ಎಷ್ಟು ಖುಷಿಪಟ್ಟೆ!

ಖರ್ಜೂರದ ತೋಟದಲ್ಲಿ ನಡೆಯುವಾಗ ನನಗೆ ಇದನ್ನು ಹೇಳಿದಳು. ನಾನು, ಅಮ್ಮನಿಗಾದರೂ ಒಂದು ಮಾತು ಹೇಳಬಾರದಿತ್ತೇ ಅಂದೆ. "ಹೆಂಗಪ್ಪ ಹೇಳ್ಲಿ? ಅಮ್ಮ ಆಗ್ಲೇ ನನ್ ಬಾಣಂತನಕ್ಕೆ ಅಂತ ಹಳೇ ಸೀರೆ ಎತ್ತಿಟ್ಟಿದಾಳೆ. ಬೀರು ಕೆಳಗಡೆ, ನಾನು ನೋಡಿದೀನಿ" ಅಂದಳು.

ನನಗೆ ಗೊತ್ತಿರಲಿಲ್ಲ, ಲಕ್ಷ್ಮೀ. ಆ ಸೀರೆಗಳಲ್ಲಿ ಎಲ್ಲಕ್ಕಿಂತ ಮೆತ್ತಗಿರುವುದೊಂದನ್ನು ಪಾರ್ಸೆಲ್ ಮಾಡಿ ಕಳಿಸು. ಒಗೆಯಬೇಡ, ನಿನ್ನ ವಾಸನೆ ಇರಲಿ. ಇಲ್ಲಿ ಚಳಿ ಜಾಸ್ತಿ. ಹೊದ್ದುಕೊಂಡು ಮಲಗಲಿ.